ಸೋಮವಾರದ ನೊಗ

ನನ್ನ ಗಂಡನ ಹೆಸರು ಅಂದಾನೆಪ್ಪ. ಹೀಗೆ ಬಾಯಿ ಬಿಟ್ಟು ಹೇಳಲು ನನಗೆ ಇಷ್ಟು ವಯಸ್ಸಾಗಬೇಕಾಯಿತು. ನಮ್ಮ ಕಾಲದಲ್ಲಿ ಗಂಡನ ಹೆಸರು ಹೇಳಬೇಕೆಂದರೆ ಒಡಪು ಕಟ್ಟಿಯೇ ಹೇಳಬೇಕು. ಬರಿದೇ ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಅಂತ ನಮ್ಮತ್ತೆ ಹೆದರಿಸಿದ್ದರು. ಮದುವೆಯಾಗಿ ಹೊನ್ನಿಕೊಪ್ಪದ ಮನೆಯ ಹೊಸ್ತಿಲು ದಾಟುವಾಗ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತರು. ನಾನು ತಲೆ ತಗ್ಗಿಸಿ ಹೇಳಿದೆ: "ಗ್ವಾದಲ್ಯಾಗ ಮೇವು, ಅಂಗಳದಾಗ ಎತ್ತು, ಅಂದಾನೆಪ್ಪನವರ ಮನಸು ನನಗಷ್ಟ ಗೊತ್ತು." ಎಲ್ಲರೂ ನಕ್ಕರು. "ಮನಿಗೆ ಕಾಲಿಡೂಕ್ಕಿಂತ ಮೊದಲ ಮನಸು ಗೊತ್ತಾತೇನ ನಿನಗ?" ಅಂತ ನಮ್ಮತ್ತೆ ಚುಚ್ಚಿದರು. ಆಗ ಏನೂ ಗೊತ್ತಿರಲಿಲ್ಲ, ಪ್ರಾಸಕ್ಕೆ ಹೇಳಿದ್ದೆ. ಆಮೇಲೆ ಗೊತ್ತಾಯಿತು. ಹಾಗೆ ಗೊತ್ತಾದದ್ದನ್ನೇ ಹಿಡಿದು ನಾನು ಒಂದು ದೊಡ್ಡ ಕಳ್ಳತನವನ್ನು ಹೊರಗೆ ಹಾಕಿದೆ.

ನಾನು ಮುಂಡಗೋಡ ಕಡೆಯ ಪಾಳಾದವಳು. ಅಪ್ಪ ಕನ್ನಡ ಶಾಲೆಯ ಮಾಸ್ತರರು, ನನ್ನನ್ನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯತನಕ ಓದಿಸಿದ್ದರು. ಓದಿದ್ದಕ್ಕೋ ಹುಟ್ಟುಗುಣಕ್ಕೋ, ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಹೊನ್ನಿಕೊಪ್ಪದಲ್ಲಿ ಮಹಿಳಾ ಮಂಡಳ ಶುರುವಾದಾಗ, "ಗಿರಿಜಾಬಾಯಿನ್ನ ಅಧ್ಯಕ್ಷರನ್ನ ಮಾಡ್ರಿ, ಇಲ್ಲಂದ್ರ ಆದವರನ್ನ ಆಕಿ ಬಾಳಗೊಡಂಗಿಲ್ಲ" ಅಂತ ಊರವರೇ ನನ್ನನ್ನು ಕುರ್ಚಿಯಲ್ಲಿ ಕೂಡಿಸಿದರು. ನಮ್ಮವರು ಇದಕ್ಕೆ ತದ್ವಿರುದ್ಧ. ಆಡುವುದೇ ಕಡಿಮೆ, ಆಡಿದರೂ ಮನೆಯವರ ಜೊತೆಗಿಂತ ಎತ್ತುಗಳ ಜೊತೆಗೇ ಹೆಚ್ಚು. ಬೆಳ್ಯಾ ಮತ್ತು ಸಾರಂಗ ಅಂತ ಎರಡು ಎತ್ತು. ಕರುಗಳಿದ್ದಾಗಿನಿಂದ ಸಾಕಿದವು. ನನಗೆ ಮೈ ಹುಷಾರಿಲ್ಲದಾಗ ಒಮ್ಮೆ ಬಂದು ವಿಚಾರಿಸಿದರೆ ಹೆಚ್ಚು, ಸಾರಂಗನಿಗೆ ಹೊಟ್ಟೆಯುಬ್ಬರ ಬಂದಾಗ ಮಾತ್ರ ಕೊಟ್ಟಿಗೆಯಲ್ಲೇ ಮಲಗಿದ್ದರು. ಇದನ್ನು ನಾನು ಅವರಿಗೆ ಎದುರಿಗೇ ಹೇಳಿ ಕಾಡಿಸಿದ್ದುಂಟು.

ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಸೋಮವಾರ ಶಿವನ ವಾರ, ಎತ್ತೆಂದರೆ ಅವನ ಬಸವಣ್ಣ. ಆ ದಿನ ಅವುಗಳ ಹೆಗಲ ಮೇಲೆ ನೊಗ ಇಡುವಂತಿಲ್ಲ, ಗಾಡಿ ಕಟ್ಟುವಂತಿಲ್ಲ. ಹಳ್ಳಕ್ಕೆ ಒಯ್ದು ಮೈ ತೊಳೆದು, ಮೇವು ಹಾಕಿ, ಸುಮ್ಮನೆ ನಿಲ್ಲಿಸಬೇಕು. ಊರವರೆಲ್ಲ ಪಾಲಿಸುತ್ತಿದ್ದರು, ನಮ್ಮವರದ್ದು ಒಂದು ತೂಕ ಹೆಚ್ಚು. ಒಂದು ಸೋಮವಾರ ನಮ್ಮತ್ತೆಗೆ ಜ್ವರ ವಿಪರೀತವಾದಾಗ ಗಾಡಿ ಕಟ್ಟಲಿಲ್ಲ, ಅವ್ವನನ್ನು ಬೆನ್ನ ಮೇಲೆ ಹೊತ್ತುಕೊಂಡು ಹಳಿಯಾಳದ ದವಾಖಾನೆಗೆ ನಡೆದರು. ನಮ್ಮತ್ತೆ ದಾರಿಯುದ್ದಕ್ಕೂ ಜ್ವರದಲ್ಲೇ ಮಗನನ್ನು ಹೊಗಳಿದರು, ನಾನು ಹಿಂದಿನಿಂದ ಬೈಯುತ್ತ ನಡೆದೆ.

ಈಗ ಸಂಘದ ವಿಷಯಕ್ಕೆ ಬರುತ್ತೇನೆ. ಐವತ್ತರ ದಶಕ ಮುಗಿದು ಅರವತ್ತರದು ಹುಟ್ಟಿದ ಕಾಲ. ಎಲ್ಲಿ ನೋಡಿದರೂ ಸಹಕಾರ, ಸಂಘ, ಸಭೆ, ಹಾರ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಎದ್ದು ನಿಂತಿತ್ತು, ಹಳ್ಳಿಗಳಿಗೆ ಬ್ಲಾಕ್ ಆಫೀಸಿನ ಜೀಪು ಬರುತ್ತಿತ್ತು. ನಮ್ಮ ಊರಲ್ಲೂ ಭೂಮಿ ಇಲ್ಲದವರಿಗಾಗಿ ಬೇಸಾಯ ಸಂಘ ಆಯಿತು. ಅಡವಿಯಂಚಿನ ಸರಕಾರಿ ಜಮೀನನ್ನು ಒಂದಿಷ್ಟು ಮನೆಗಳಿಗೆ ತುಂಡು ತುಂಡಾಗಿ ಹಂಚಿದರು. ಮನೆಗೊಂದು ಜೋಡಿ ಎತ್ತು ಸರಕಾರದ್ದೇ ಖರ್ಚು, ಸಂಘ ಕೊಂಡುಕೊಡಬೇಕು ಅಂತ ಹುಕುಂ ಆಯಿತು. ಸಂಘದ ಚೇರಮನ್ ಮಲಕಪ್ಪ.

ಮಲಕಪ್ಪನನ್ನು ಬರೀ ಕಳ್ಳ ಅಂದರೆ ಕಳ್ಳರಿಗೆ ಅವಮಾನ. ಕಳ್ಳ ಮನೆಗೆ ಕನ್ನ ಹಾಕಿ ಓಡಿಹೋಗುತ್ತಾನೆ. ಇವನು ಕನ್ನ ಹಾಕಿ ಅಲ್ಲೇ ನಿಂತು ಭಾಷಣ ಮಾಡುತ್ತಿದ್ದ. ಖಾದಿ ಟೋಪಿ, ಇಸ್ತ್ರಿ ಮಾಡಿದ ಅಂಗಿ, ಬಾಯಿ ತುಂಬ "ಅಣ್ಣಾರ, ಅಕ್ಕಾರ". ಸತ್ತ ಮನೆಗೆ ಮೊದಲು ಬರುವವನೂ ಅವನೇ, ಮದುವೆ ಮನೆಯಿಂದ ಕೊನೆಗೆ ಏಳುವವನೂ ಅವನೇ. ಎತ್ತಿನ ಹಣ ಬಂದು ಮುಟ್ಟಿತು ಅಂತ ಹಳಿಯಾಳದಲ್ಲಿ ಸುದ್ದಿಯಾಯಿತು, ಎತ್ತು ಮಾತ್ರ ಊರಿಗೆ ಬರಲಿಲ್ಲ. ಕೇಳಿದರೆ, "ಚಲೋ ತಳಿ ಹುಡುಕಾಕತ್ತೀವಿ, ಅವಸರ ಮಾಡಬ್ಯಾಡ್ರಿ" ಅನ್ನುತ್ತಿದ್ದ. ಅದೇ ವರ್ಷ ದಾಂಡೇಲಿಯ ಕಾರ್ಖಾನೆ ಗೇಟಿನ ಎದುರಿಗೆ ಅವನ ಹೊಸ ಖಾನಾವಳಿ ಎದ್ದಿತು. ಎತ್ತು ಖಾನಾವಳಿಯಾಗಿದೆ ಅಂತ ಊರಿಗೆಲ್ಲ ಗೊತ್ತಿತ್ತು, ಕೇಳುವವರು ಇರಲಿಲ್ಲ. ಸಂಘದ ಬಹುತೇಕ ಸದಸ್ಯರು ಅವನ ಬಳಗ, ಉಳಿದವರು ಅವನ ಹಂಗಿನವರು.

ಕೇಳಿದವಳು ಕೆಂಚವ್ವ ಒಬ್ಬಳೇ. ಅವಳ ಗಂಡ ಬೇರೆಯವರ ಎತ್ತಿನ ಗಾಡಿ ಹೊಡೆಯುತ್ತಿದ್ದ. ಜೋಯಿಡಾ ಅಡವಿಯಿಂದ ಸಾಗವಾನಿ ಸಾಗಿಸುವಾಗ ದಿಮ್ಮಿ ಉರುಳಿ ಸತ್ತ. ಕೆಂಚವ್ವ ಕೂಲಿ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಸಂಘದ ಜಮೀನಿನಲ್ಲಿ ಅವಳ ಪಾಲಿಗೆ ಬಂದದ್ದು ಹಳ್ಳದ ಪಕ್ಕದ ತುಂಡು, ಎಲ್ಲಕ್ಕಿಂತ ಚಲೋದು. ಚೀಟಿ ಎತ್ತಿದಾಗ ಬಂದದ್ದು, ಯಾರ ದಯೆಯೂ ಅಲ್ಲ. ಅದರ ಮೇಲೆ ಮಲಕಪ್ಪನ ಹೆಂಡತಿಯ ತಮ್ಮ ಈಶಪ್ಪನ ಕಣ್ಣು ಬಿತ್ತು. "ಎತ್ತು ಬರತಾವ, ಇಲ್ಲೆ ಹೆಬ್ಬಟ್ಟ ಒತ್ತು" ಅಂದಾಗ ಕೆಂಚವ್ವ ನಂಬಿ ಒತ್ತಿದ್ದಳು. ಬರಲಿಲ್ಲ. ಒಂದು ಸಭೆಯಲ್ಲಿ ಎದ್ದು ನಿಂತು, "ನನ್ನ ಎತ್ತು ಎಲ್ಲೆರಿ ಚೇರಮನ್ರ?" ಅಂತ ಎಲ್ಲರ ಮುಂದೆ ಕೇಳಿಬಿಟ್ಟಳು.

ಮಲಕಪ್ಪ ನಕ್ಕ. ಒಂದು ತಿಂಗಳಾದ ಮೇಲೆ ಅವಳಿಗೆ ನೋಟೀಸು ಬಂತು. ಸರಕಾರಿ ಎತ್ತಿನ ಜೋಡಿ ತಗೊಂಡು ಹೆಬ್ಬೆಟ್ಟು ಒತ್ತಿದ್ದೀ, ಈಗ ಎತ್ತು ನಿನ್ನ ಹತ್ತಿರ ಇಲ್ಲ, ಅಂದರೆ ಮಾರಿಕೊಂಡಿದ್ದೀ. ಜಮೀನು ಯಾಕೆ ಹಿಂದಕ್ಕೆ ತಗೋಬಾರದು? ಕಾರವಾರದಿಂದ ಸಾಹೇಬರು ಬಂದು ಸಂಘದ ಎತ್ತುಗಳನ್ನೆಲ್ಲ ಕಣ್ಣಾರೆ ನೋಡಿ ಅಲ್ಲೇ ತೀರ್ಮಾನ ಮಾಡುವವರಿದ್ದರು. ಕೆಂಚವ್ವ ನೋಟೀಸು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ನಾನು ಓದಿ ಹೇಳಿದೆ.

"ಗಿರಿಜಕ್ಕಾ, ಹೊಲ ಹೋದ್ರ ಹೋಗ್ಲಿ, ಕೂಲಿ ಮಾಡಿ ತಿಂತೇನಿ," ಅಂದಳು. "ಎತ್ತು ಮಾರಿ ತಿಂದಾಕಿ ಅನ್ನಿಸಿಕೊಂಡು ಈ ಊರಾಗ ಹೆಂಗ ಇರ್ಲಿ? ನಮ್ಮನಿಯವ್ರು ಸಾಯೂತನಕಾ ಮಂದಿ ಎತ್ತು ಕಾದ್ರು, ಒಂದು ದಿನ ಒಂದು ಹಿಡಿ ಹಿಂಡಿ ಸೈತ ಮನಿಗೆ ತಂದಾವರಲ್ಲ."

ಅವಳು ಅಳಲಿಲ್ಲ. ನನಗೇ ಸಂಕಟವಾಯಿತು. ಸಿಟ್ಟು ಬಂದರೆ ನನಗೆ ಕೈ ಕೆಲಸ ಮಾಡಬೇಕು. ಅಂದು ಒಂದು ಡಬ್ಬಿ ಬೇಳೆಯನ್ನು ಎರಡು ಸಲ ಆರಿಸಿದೆ.

ಸಾಹೇಬರು ಬರುವುದು ಸೋಮವಾರ ಅಂತ ಗೊತ್ತಾದ ದಿನವೇ ನನಗೆ ಮಲಕಪ್ಪನ ಹಂಚಿಕೆ ಅರ್ಥವಾಯಿತು. ದಿನ ಗೊತ್ತು ಮಾಡಿಸಿಕೊಂಡವನು ಅವನೇ. ಮುಂಗಾರಿಗೆ ಮುಂಚಿನ ಉಳುಮೆಯ ಕಾಲ, ಬೇರೆ ದಿನವಾದರೆ ಊರ ಎತ್ತುಗಳೆಲ್ಲ ಹೊಲದಲ್ಲಿ. ಸೋಮವಾರ ಮಾತ್ರ ಎಲ್ಲವೂ ಮನೆಯಲ್ಲಿ, ತೊಳೆದು ಮಿಂಚುತ್ತ, ಕೆಲಸವಿಲ್ಲದೆ ನಿಂತಿರುತ್ತವೆ. ಮನೆಮನೆಯಿಂದ ಒಂದೊಂದು ಜೋಡಿ ಎರವಲು ತಂದು, ಕೊಂಬಿಗೆ ಒಂದೇ ಬಣ್ಣ ಬಳಿದು ಸಾಲಾಗಿ ಕಟ್ಟಿದರೆ ಆಯಿತು, ಸಂಘದ ಎತ್ತು. ಕೆಂಚವ್ವನ ಹೆಸರಿನ ಗೂಟ ಒಂದೇ ಖಾಲಿ. ಎಲ್ಲರ ಎತ್ತೂ ಇವೆ, ಇವಳದು ಮಾತ್ರ ಇಲ್ಲ ಅಂದರೆ, ಮಾರಿಕೊಂಡಳು ಅಂತ ಸಣ್ಣ ಕೂಸೂ ಹೇಳುತ್ತದೆ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮವರು ನನ್ನ ಮುಖ ತಪ್ಪಿಸುತ್ತಿದ್ದರು. ನನಗೆ ಸಂಶಯ ಬಂತು.

"ನಾಳೆ ನಮ್ಮ ಎತ್ತೂ ಹೊಂಟಾವೇನ್ರಿ ಸಂಘಕ್ಕ?" ಅಂದೆ.

ರೊಟ್ಟಿ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. "ಮಲಕಪ್ಪ ಕೇಳಿದ. ಎತ್ತು ಬರೂದು ತಡಾ ಆಗೇತಂತ. ಸಾಹೇಬ್ರು ಬಂದಾಗ ಬಯಲು ಖಾಲಿ ಇದ್ರ ಸಂಘಾನ ಮುಚ್ಚತಾರಂತ. ಊರ ಮರ್ಯಾದಿ ಪ್ರಶ್ನೆ. ಒಂದು ತಾಸು ನಿಂತು ಬರತಾವ."

"ಕೆಂಚವ್ವನ ಮರ್ಯಾದಿ?"

"ಅದನ್ನ ತಾ ಸರಿ ಮಾಡ್ತೇನಿ ಅಂದಾನ."

"ಬೆಕ್ಕು ಹಾಲಿನ ಕಾವಲಿಗೆ ನಿಂತಂಗಾತು. ಎತ್ತು ಕೊಡಂಗಿಲ್ಲಂತ ಹೇಳ್ರಿ."

"ಮಾತು ಕೊಟ್ಟೇನಿ," ಅಂದರು. ಅಷ್ಟೇ. ಮನೆ ಕಟ್ಟುವಾಗ ತೊಲೆಗೆ ಪರವಾನಗಿ ಕೊಡಿಸಿದವನು ಮಲಕಪ್ಪ, ಆ ಋಣ ಅವರ ಗಂಟಲಲ್ಲಿ ಕೂತಿತ್ತು. ನಾನು ಎಷ್ಟು ಒದರಿದರೂ ರೊಟ್ಟಿಯಿಂದ ಕಣ್ಣು ಎತ್ತಲಿಲ್ಲ. ಕಡೆಗೆ ಕೈ ತೊಳೆದು ಎದ್ದು, "ಯಾರರ ಕೇಳಿದ್ರ ನಾ ಸುಳ್ಳು ಹೇಳಂಗಿಲ್ಲ. ಖರೇನೂ ಹೇಳಂಗಿಲ್ಲ. ಸುಮ್ಮನ ನಿಲ್ತೇನಿ," ಅಂದು ಕೊಟ್ಟಿಗೆಗೆ ಹೋದರು.

ನಾನೇ ಸಾಹೇಬರ ಮುಂದೆ ಎದ್ದು ನಿಂತು ಈ ಎತ್ತು ನಮ್ಮವು ಅನ್ನಬಹುದಿತ್ತು. ಆಗ ಮಲಕಪ್ಪ ನಮ್ಮವರ ಕಡೆ ತಿರುಗಿ "ಹೌದೇನಪಾ?" ಅನ್ನುತ್ತಿದ್ದ, ಇವರು ನೆಲ ನೋಡುತ್ತಿದ್ದರು. ಗಂಡ ಸುಮ್ಮನಿರುವಾಗ ಹೆಂಡತಿಯ ಮಾತನ್ನು ಯಾವ ಸಾಹೇಬ ನಂಬಿಯಾನು? ಉಳಿದ ಎತ್ತಿನ ಯಜಮಾನರೂ ಇವರ ಮುಖ ನೋಡಿಯೇ ಸುಮ್ಮನಿರುತ್ತಿದ್ದರು. ಆದ್ದರಿಂದ ಮಾತಾಡಬೇಕಾದವರು ಇವರೇ. ಬೈದರೆ ಮಾತಾಡುವವರಲ್ಲ, ಅತ್ತರೆ ಮಾತಾಡುವವರಲ್ಲ. ಇವರ ಬಾಯಿ ಬಿಡಿಸುವಂಥದ್ದು ಲೋಕದಲ್ಲಿ ಒಂದೇ ಇತ್ತು, ಅದು ನನಗೆ ಗೊತ್ತಿತ್ತು.

ಸೋಮವಾರ ಹೊತ್ತೇರುವ ಮೊದಲೇ ಶಾಲೆಯ ಮುಂದಿನ ಬಯಲಿನಲ್ಲಿ ಎತ್ತುಗಳು ಸಾಲಾಗಿ ನಿಂತವು. ಕೊಂಬಿಗೆಲ್ಲ ಕೆಂಪು ಬಣ್ಣ. ಒಂದೊಂದು ಜೋಡಿಯ ಹಗ್ಗ ಹಿಡಿದು ಒಬ್ಬೊಬ್ಬ ಸಂಘದ ಸದಸ್ಯ. ನಮ್ಮ ಬೆಳ್ಯಾ ಸಾರಂಗ ಎಲ್ಲಕ್ಕಿಂತ ಮುಂದೆ, ಯಾಕೆಂದರೆ ನೋಡಲು ಚಂದ. ಅವುಗಳ ಹಗ್ಗ ಈಶಪ್ಪನ ಕೈಯಲ್ಲಿ. ನಿಜವಾದ ಯಜಮಾನರು ಬೇವಿನ ಮರದ ಕೆಳಗೆ ಕೈಕಟ್ಟಿ ನಿಂತಿದ್ದರು, ನಾಟಕ ನೋಡಲು ಬಂದವರ ಹಾಗೆ. ಎರವಲು ಕೊಟ್ಟರೂ ಎತ್ತನ್ನು ಬಿಟ್ಟು ಮನೆಯಲ್ಲಿ ಕೂಡಲು ಯಾರಿಗೂ ಮನಸ್ಸಾಗಿರಲಿಲ್ಲ.

ಸಾಹೇಬರು ಜೀಪಿನಿಂದ ಇಳಿದರು. ಕರಾವಳಿಯವರು, ಮೀನು ಸಮುದ್ರ ಬಲ್ಲವರು, ನಮ್ಮ ಕಡೆಗೆ ಹೊಸಬರು. ಮುಖದಲ್ಲಿ ಕೆಟ್ಟತನ ಇರಲಿಲ್ಲ. ಹಾರ ಹಾಕಿಸಿಕೊಂಡು, ಎತ್ತಿನ ಸಾಲನ್ನು ಒಂದು ಸುತ್ತು ನೋಡಿ ಬಂದು, ಶಾಲೆಯ ಕಟ್ಟೆಯ ಮೇಲೆ ಕುರ್ಚಿಯಲ್ಲಿ ಕೂತರು. ಖಾಲಿ ಗೂಟ ತೋರಿಸಿ, "ಇದು?" ಅಂದರು.

ಮಲಕಪ್ಪ ನಿಟ್ಟುಸಿರು ಬಿಟ್ಟ. "ಏನ್ ಹೇಳೂದ್ರಿ ಸಾಹೇಬ್ರ. ಬಡ ಹೆಣಮಗಳು, ತಿಳೀಲಿಲ್ಲ, ಮಾರಿಕೊಂಡ್ಳು. ನನಗೂ ಕೆಟ್ಟ ಅನಸ್ತೈತಿ."

ಸಾಹೇಬರು ಕೆಂಚವ್ವನನ್ನು ಕರೆದರು. "ನಿಮ್ಮ ಎತ್ತು ಎಲ್ಲಮ್ಮ?"

"ನನಗ ಕೊಟ್ಟೇ ಇಲ್ರಿ."

"ಇವರಿಗೆಲ್ಲ ಕೊಟ್ಟಿದ್ದಾರೆ, ಕಣ್ಣ ಮುಂದೆ ನಿಂತಿವೆ. ನಿಮಗೊಬ್ಬರಿಗೇ ಕೊಡಲಿಲ್ಲ ಅಂದರೆ ಹೇಗೆ ನಂಬಲಿ?"

ಕೆಂಚವ್ವ ಬೇವಿನ ಮರದ ಕಡೆ ನೋಡಿದಳು. ಯಾರೂ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ. ನಮ್ಮವರು ಕಾಲ ಬೆರಳಿಂದ ನೆಲ ಕೆದರುತ್ತಿದ್ದರು. ಆಗ ನನಗೆ ಅವರ ಮೇಲೆ ಎಂಥ ಸಿಟ್ಟು ಬಂತೆಂದರೆ, ಕೈಯಲ್ಲಿದ್ದ ಚಹಾದ ತಟ್ಟೆಯನ್ನು ಅಲ್ಲೇ ಕುಕ್ಕಬೇಕು ಅನ್ನಿಸಿತು. ಕುಕ್ಕಲಿಲ್ಲ. ಸಾಹೇಬರಿಗೆ ಚಹಾ ಕೊಡುವುದು ಮಹಿಳಾ ಮಂಡಳದ ಪಾಲಿನ ಕೆಲಸ, ಅದಕ್ಕೇ ಕಾದಿದ್ದೆ. ಸೆರಗು ಸರಿಮಾಡಿಕೊಂಡು ಕಟ್ಟೆ ಹತ್ತಿದೆ.

"ಚಹಾ ತಗೊಳ್ರಿ ಸಾಹೇಬ್ರ. ಎತ್ತು ಭಾಳ ಚಂದ ಅದಾವ ಅಲ್ರೀ?" ಅಂದೆ. ಆಮೇಲೆ ಮಲಕಪ್ಪನ ಕಡೆ ತಿರುಗಿ, ಏನೂ ತಿಳಿಯದವಳ ಹಾಗೆ ಕೇಳಿದೆ. "ಚೇರಮನ್ ಸಾಹೇಬ್ರ, ನಮ್ಮ ಮನ್ಯಾಗ ಸೋಮವಾರ ಎತ್ತು ಹೂಡಂಗಿಲ್ಲ. ಹಳೇ ಮಂದಿ ನಾವು. ಸಂಘದ ಎತ್ತಿಗೂ ಸೋಮವಾರ ಸೂಟಿ ಏನ್ರಿ?"

ಸಾಹೇಬರು ತಲೆ ಎತ್ತಿದರು. "ಸೋಮವಾರ ಉಳುವುದಿಲ್ಲವೇ? ಮಳೆ ಬಂದು ಹದ ಆಗಿದ್ದರೂ?"

ಮಲಕಪ್ಪನಿಗೆ ಇಂಥ ಅವಕಾಶ ಸಿಕ್ಕರೆ ಬಿಡುತ್ತಾನೆಯೇ? ಸಾಹೇಬರ ಎದುರಿಗೆ ತಾನು ಹೊಸ ಕಾಲದವನು ಅನ್ನಿಸಿಕೊಳ್ಳುವುದಕ್ಕಿಂತ ಸಿಹಿ ಅವನಿಗೆ ಬೇರೆ ಇರಲಿಲ್ಲ. ಟೋಪಿ ಸರಿಮಾಡಿಕೊಂಡ. "ಅದೆಲ್ಲಾ ಮೂಢನಂಬಿಕಿರಿ ಸಾಹೇಬ್ರ. ಊರ ಮಂದೀದು ಅದು. ನಮ್ಮ ಸಂಘದ್ದು ಹಂಗಿಲ್ಲ. ಸಂಘದ ಎತ್ತು ವಾರದಾಗ ಏಳೂ ದಿನ ದುಡೀತಾವ. ಸೋಮವಾರನೂ ಸೈ, ಅಮಾಸಿನೂ ಸೈ. ದೇಶ ಮುಂದ ಬರಬೇಕಂದ್ರ ದುಡೀಬೇಕ್ರಿ."

"ಬಹಳ ಸಂತೋಷ," ಅಂದರು ಸಾಹೇಬರು.

"ಹಂಗಾರ ಚಲೋನ ಆತಲ್ರಿ," ಅಂದೆ ನಾನು. "ಸಂತ್ಯಾಗ ಎತ್ತು ಕೊಳ್ಳಾಂವ ಸೈತ ಹೂಡಿ ನೋಡೇ ಕೊಳ್ತಾನ. ಸಾಹೇಬ್ರು ಅಷ್ಟು ದೂರದಿಂದ ಬಂದಾರ, ಬರೇ ಕೊಂಬು ನೋಡಿ ಹೋಗೂದೇನ್ರಿ? ಇಲ್ಲೇ ಬಾಜೂಕ ಸಂಘದ ಹೊಲ ಐತಿ. ಒಂದು ಸಾಲು ಹೊಡೆದು ತೋರಸ್ರಿ."

ಮಲಕಪ್ಪ ನನ್ನ ಕಡೆ ನೋಡಿದ. ಆ ನೋಟ ನನಗೆ ಇವತ್ತಿಗೂ ನೆನಪಿದೆ. ಹೂಡುವುದಿಲ್ಲ ಅನ್ನುವಂತಿಲ್ಲ, ಈಗಷ್ಟೇ ಏಳೂ ದಿನ ಅಂದಿದ್ದಾನೆ. ಹೂಡುತ್ತೇನೆ ಅಂದರೆ ಬೇವಿನ ಮರದ ಕೆಳಗೆ ಊರೇ ನಿಂತಿದೆ. "ಬಿಸಿಲಾಗೇತ್ರಿ, ಸಾಹೇಬ್ರಿಗೆ ಊಟದ ಹೊತ್ತು..." ಅಂತ ಶುರುಮಾಡಿದ.

"ಊಟಕ್ಕೇನು ಅವಸರ. ಒಂದು ಜೋಡಿ ಹೂಡಿಸಿ ನೋಡೋಣ," ಅಂದು ಸಾಹೇಬರು ಎದ್ದೇಬಿಟ್ಟರು. "ಆ ಮುಂದಿನ ಜೋಡಿಯನ್ನೇ ಹೂಡಿ."

ಮುಂದಿನ ಜೋಡಿ ಅಂದರೆ ನಮ್ಮದು.

ಯಾರೋ ಶಾಲೆಯ ಹಿಂದಿನಿಂದ ನೇಗಿಲು, ನೊಗ ತಂದರು. ಬೇವಿನ ಮರದ ಕೆಳಗೆ ಗುಜುಗುಜು ಎದ್ದಿತು. ನಾನು ನಮ್ಮವರ ಕಡೆ ನೋಡಲಿಲ್ಲ, ನೋಡುವ ಧೈರ್ಯ ಇರಲಿಲ್ಲ. ಗೊತ್ತು ಗೊತ್ತು ಅಂತ ಬಡಾಯಿ ಕೊಚ್ಚಿಕೊಳ್ಳುವುದು ಬೇರೆ, ಆ ಗಳಿಗೆಗೆ ನಿಲ್ಲುವುದು ಬೇರೆ. ಇವರು ಕೊಟ್ಟ ಮಾತು ಅಂತ ಹಲ್ಲು ಕಚ್ಚಿ ನಿಂತುಬಿಟ್ಟರೆ? ಕೆಂಚವ್ವನ ಹೊಲವೂ ಹೋಗುತ್ತದೆ, ನಮ್ಮ ಮನೆಯ ಸೋಮವಾರವೂ ಹೋಗುತ್ತದೆ, ಎರಡಕ್ಕೂ ಕಾರಣ ನಾನೇ.

ಈಶಪ್ಪ ನೊಗ ಎತ್ತಿಕೊಂಡು ಬಂದ. ಅವನೂ ಇದೇ ಊರಿನವನು, ಇಡಲೋ ಬೇಡವೋ ಅಂತ ಮಲಕಪ್ಪನ ಕಡೆ ಒಮ್ಮೆ ನೋಡಿದ. ಬೆಳ್ಯಾನಿಗೇನು ವಾರ ಗೊತ್ತು? ನೊಗ ಕಂಡೊಡನೆ ದಿನದ ರೂಢಿಯಂತೆ ಕುತ್ತಿಗೆ ತಗ್ಗಿಸಿ ಕೊಟ್ಟಿತು.

ಅದನ್ನು ನಮ್ಮವರು ನೋಡಿದರು.

"ಈಶಪ್ಪ, ನೊಗ ಇಳಸು."

ದನಿ ದೊಡ್ಡದಿರಲಿಲ್ಲ. ಆದರೆ ಈಶಪ್ಪನ ಕೈ ಅಲ್ಲೇ ನಿಂತಿತು. ಅವರು ಬೇವಿನ ನೆರಳಿನಿಂದ ಹೊರಗೆ ಬಂದು, ಸಾಹೇಬರ ಮುಂದೆಯೇ ಹಾದು, ನೆಟ್ಟಗೆ ಎತ್ತಿನ ಹತ್ತಿರ ಹೋದರು. ಈಶಪ್ಪನ ಕೈಯಿಂದ ನೊಗ ತಗೊಂಡು ನೆಲದ ಮೇಲಿಟ್ಟರು. ಬೆಳ್ಯಾನ ಹೆಗಲನ್ನು ಅಂಗೈಯಿಂದ ಒರೆಸಿದರು.

"ಯಾರಿವರು?" ಅಂದರು ಸಾಹೇಬರು.

ಮಲಕಪ್ಪ ಓಡಿ ಬಂದ. "ಏ ಅಂದಾನೆಪ್ಪ, ಏನಿದು? ಮಾತು ಕೊಟ್ಟಿದ್ದೆಲ್ಲೋ ನೀ!"

"ಏನು ಮಾತು?" ಅಂದರು ಸಾಹೇಬರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಗಾದೆ ಕೇಳಿದ್ದೆ, ಅಂದು ಕಣ್ಣಾರೆ ಕಂಡೆ. ಮಲಕಪ್ಪ ಟೋಪಿ ತೆಗೆದು ಮತ್ತೆ ತಲೆಗೆ ಇಟ್ಟುಕೊಂಡ. ನಮ್ಮವರು ಅವನ ಕಡೆ ತಿರುಗಿದರು.

"ನಿಲ್ಲಸ್ತೇನಂತ ಮಾತು ಕೊಟ್ಟಿದ್ನಿ ಮಲಕಪ್ಪ, ನಿಲ್ಲಿಸೇನಿ. ಹೂಡ್ತೇನಂತ ಕೊಟ್ಟಿದ್ದಿಲ್ಲ." ಆಮೇಲೆ ಸಾಹೇಬರಿಗೆ ಕೈ ಮುಗಿದು ಹೇಳಿದರು. "ಈ ಎತ್ತು ನನ್ನವರಿ. ಸಂಘದ್ದಲ್ಲ. ಸೋಮವಾರ ಇವುಕ್ಕ ನೊಗ ಇಡಾಂವ ಇನ್ನೂ ಹುಟ್ಟಿಲ್ರಿ."

"ಇವನಿಗೆ ತಲಿ ಕೆಟ್ಟೈತ್ರಿ ಸಾಹೇಬ್ರ," ಅಂತ ಮಲಕಪ್ಪ ನಡುವೆ ಬಾಯಿ ಹಾಕಿದ.

ನಮ್ಮವರು ಈಶಪ್ಪನ ಕೈಯಿಂದ ಹಗ್ಗ ಬಿಡಿಸಿ ನೆಲಕ್ಕೆ ಎಸೆದರು, "ಬೆಳ್ಯಾ, ಸಾರಂಗ, ಬರ್ರೋ, ಹೋಗೂಣು" ಅಂದು ಬೆನ್ನು ತಿರುಗಿಸಿ ನಡೆದರು. ಎರಡೂ ಎತ್ತು ಹಗ್ಗ ಎಳೆದುಕೊಂಡು ಅವರ ಹಿಂದೆ ಹೊರಟವು. ಬೇವಿನ ಮರದ ಕೆಳಗಿನಿಂದ ಉಳವಪ್ಪ ಎದ್ದು ಬಂದು ತನ್ನ ಜೋಡಿಯ ಹಗ್ಗ ಹಿಡಿದ. ಅವನ ಹಿಂದೆ ಶಂಕ್ರಪ್ಪ. ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ. ಮೊದಲ ನೊಗ ಇವರ ಎತ್ತಿಗೆ ಬಂದರೆ ಎರಡನೆಯದು ತಮ್ಮ ಎತ್ತಿಗೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಒಬ್ಬೊಬ್ಬರೇ ಬಂದು, ಸಾಹೇಬರಿಗೆ ತಲೆಬಾಗಿ, ತಮ್ಮ ತಮ್ಮ ಎತ್ತು ಬಿಚ್ಚಿಕೊಂಡು ಮನೆಯ ದಾರಿ ಹಿಡಿದರು. ಸಂಘದ ಸದಸ್ಯರು ಬರಿಗೈಯಲ್ಲಿ ನಿಂತರು. ಬಯಲಿನಲ್ಲಿ ಉಳಿದದ್ದು ಗೂಟಗಳು, ಸಗಣಿ, ನಡುವೆ ಒಂದು ನೊಗ.

ಸಾಹೇಬರ ಮುಖ ಕೆಂಪಾಗಿತ್ತು. ಹಾರ ಇನ್ನೂ ಕೊರಳಲ್ಲೇ ಇತ್ತು, ಅದನ್ನು ತೆಗೆದು ಕುರ್ಚಿಯ ಮೇಲೆ ಹಾಕಿದರು. ಆಗ ಕೆಂಚವ್ವ ಮುಂದೆ ಬಂದಳು.

"ಸಾಹೇಬ್ರ, ನನ್ನ ಎತ್ತು ಎಲ್ಲಿ ಅಂತ ಕೇಳಿದ್ರೆಲ್ರಿ," ಅಂದಳು. "ಈ ಸಂಘದವರೆಲ್ಲಾರ ಎತ್ತು ಎಲ್ಲೆ ಅದಾವೋ, ನನ್ನವೂ ಅಲ್ಲೇ ಅದಾವ್ರಿ."

ಅವಳ ನೋಟೀಸನ್ನು ಸಾಹೇಬರು ಅಲ್ಲೇ ಇಸಿದುಕೊಂಡು ಕಿಸೆಗೆ ಹಾಕಿಕೊಂಡರು. ಮಲಕಪ್ಪನನ್ನು ಜೀಪಿನಲ್ಲಿ ಕೂಡಿಸಿಕೊಂಡು ಹಳಿಯಾಳಕ್ಕೆ ಹೋದರು. ಅಷ್ಟು ದಿನ ಆ ಜೀಪಿನಲ್ಲಿ ಮುಂದೆ ಕೂರುತ್ತಿದ್ದವನು ಅಂದು ಹಿಂದೆ ಕೂತ. ಮುಂದೆ ವಿಚಾರಣೆ, ಕೋರ್ಟು, ಅವೆಲ್ಲ ತಮ್ಮ ದಾರಿಯಲ್ಲಿ ನಡೆದವು. ದಾಂಡೇಲಿಯ ಖಾನಾವಳಿಗೆ ಸೀಲು ಬಿತ್ತು. ಊರವರು ಮಾತ್ರ, ಎಷ್ಟೋ ದಿನ ಯಾರಾದರೂ ದಾಂಡೇಲಿಗೆ ಹೊರಟರೆ, "ಕೆಂಚವ್ವನ ಎತ್ತಿನ ಬಾಗಿಲು ತಗದೈತೇನು ನೋಡಿ ಬಾ" ಅನ್ನುತ್ತಿದ್ದರು.

ನಾನು ಗೆದ್ದ ಖುಷಿಯಲ್ಲಿ ಮನೆಗೆ ಬಂದೆ. ನಮ್ಮವರು ಕೊಟ್ಟಿಗೆಯಲ್ಲಿದ್ದರು. ಬೆಳ್ಯಾನ ಹೆಗಲಿಗೆ ಬಿಸಿನೀರು ಹಾಕಿ ತೊಳೆದು, ಅರಿಸಿನ ಹಚ್ಚಿ, ವಿಭೂತಿ ಎಳೆಯುತ್ತಿದ್ದರು. ನನ್ನ ಕಡೆ ತಿರುಗದೆಯೇ ಕೇಳಿದರು.

"ಹೂಡಿ ನೋಡ್ರಿ ಅಂತ ಸಾಹೇಬ್ರಿಗೆ ಹೇಳಿದಾಕಿ ನೀನ ಅಲ್ಲ?"

"ಹೌದ್ರಿ, ನಾನ."

"ನಾ ಬರಲಿಲ್ಲಂದ್ರ?"

"ಬರ್ತೀರಿ ಅಂತ ಗೊತ್ತಿತ್ತು."

"ಗೊತ್ತಿತ್ತು ಅಂತ ನನ್ನ ಎತ್ತಿನ ಹೆಗಲು ಒತ್ತೆ ಇಟ್ಟಿ," ಅಂದರು. ಅವರ ಕಣ್ಣಲ್ಲಿ ನೀರಿತ್ತು. "ನನ್ನ ಬೈದಿದ್ರ ಆಗತಿತ್ತು. ಹೊಡೆದಿದ್ರೂ ಆಗತಿತ್ತು."

ಅಷ್ಟು ಹೇಳಿ ನನ್ನ ಜೊತೆ ಮಾತು ಬಿಟ್ಟರು. ನನಗೆ ದುಃಖವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ತಪ್ಪು ಮಾಡಿದೆ ಅಂತ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ. ನೊಗ ಬೆಳ್ಯಾನ ಹೆಗಲಿಗೆ ಮುಟ್ಟುವ ಮೊದಲೇ ಇಳಿದಿತ್ತು. ಕೆಂಚವ್ವನ ಹೆಗಲ ಮೇಲೆ ಕಳ್ಳತನದ ನೊಗ ಆಗಲೇ ಕೂತಿತ್ತಲ್ಲ, ಅದನ್ನು ಇಳಿಸುವವರು ಯಾರಿದ್ದರು?

ಮಂಗಳವಾರ ನಸುಕಿನಲ್ಲಿ ಎತ್ತು ಹೊಡೆದುಕೊಂಡು ಹೊರಟವರು ನಮ್ಮ ಹೊಲದ ದಾರಿ ಬಿಟ್ಟು ಹಳ್ಳದ ಕಡೆ ತಿರುಗಿದರು. ಕೆಂಚವ್ವನ ತುಂಡನ್ನು ಪೂರ್ತಿ ಉತ್ತು, ಹೊತ್ತು ಮುಳುಗುವಾಗ ಬಂದರು. ಮೃಗಶಿರದ ಮಳೆಗೆ ಅವಳ ಹೊಲದಲ್ಲೂ ಭತ್ತ ಬಿತ್ತಿದ್ದಾಯಿತು. ನಮ್ಮ ಮನೆಯಲ್ಲಿ ಮಾತ್ರ ಮಾತಿನ ಬರ. ನೀರು ಬೇಕಾದರೆ, "ಸಾರಂಗ, ಒಳಗಿನವರಿಗೆ ಹೇಳು, ನೀರು ಕಾಸಬೇಕಂತ" ಅನ್ನುತ್ತಿದ್ದರು. ನಾನು ಒಳಗಿನಿಂದಲೇ, "ಸಾರಂಗ, ಹೊರಗಿನವರಿಗೆ ಹೇಳು, ನೀರು ಆವಾಗಲೇ ಕಾದಾವಂತ" ಅನ್ನುತ್ತಿದ್ದೆ. ನಮ್ಮತ್ತೆ ನಡುವೆ ಕೂತು, "ಈ ಎತ್ತಿಗೆ ಇನ್ನ ಪಗಾರ ಕೊಡಬೇಕು" ಅನ್ನುತ್ತಿದ್ದರು. ನಗು ಬರುತ್ತಿತ್ತು, ರಾತ್ರಿ ಅಳುವೂ ಬರುತ್ತಿತ್ತು.

ಕಾರವಾರದ ಸಾಹೇಬರಿಗೆ ಆ ಬಯಲಿನ ಅವಮಾನ ಚುರುಕು ಮುಟ್ಟಿಸಿತ್ತೇನೋ, ಸರಕಾರದ ಕೆಲಸ ಎಂದೂ ಕಾಣದ ವೇಗದಲ್ಲಿ ನಡೆಯಿತು. ಶ್ರಾವಣ ಹುಟ್ಟುವ ಹೊತ್ತಿಗೆ ಸಂಘದ ಮನೆಗಳಿಗೆಲ್ಲ ಎತ್ತು ಬಂದವು. ಈ ಸಲ ಸಾಹೇಬರೇ ನಿಂತು ಒಂದೊಂದು ಜೋಡಿಯನ್ನೂ ಹೂಡಿಸಿ ನೋಡಿ ಕೊಟ್ಟರು, ಸೋಮವಾರ ಬಿಟ್ಟು ಬುಧವಾರ.

ಶ್ರಾವಣದ ಮೊದಲ ಸೋಮವಾರ ನಮ್ಮವರು ಎತ್ತು ತೊಳೆಯಲು ಹಳ್ಳಕ್ಕೆ ಇಳಿದರು. ನಾನು ಬಟ್ಟೆಯ ಗಂಟು ಹೊತ್ತುಕೊಂಡು ಹಿಂದೆಯೇ ಹೋದೆ. ಆಚೆ ದಂಡೆಯಿಂದ ಕೆಂಚವ್ವ ಬಂದಳು, ಎರಡು ಎಳೆಯ ಎತ್ತು ಹೊಡೆದುಕೊಂಡು. ಒಂದಕ್ಕೊಬ್ಬಳಂತೆ ಹೆಣ್ಣುಮಕ್ಕಳು ಹಗ್ಗ ಹಿಡಿದಿದ್ದರು. ನೀರಿಗಿಳಿಸಿ, ತಾನೇ ಹುಲ್ಲಿನ ಉಂಡೆಯಿಂದ ಬೆನ್ನು ತಿಕ್ಕತೊಡಗಿದಳು. ತಿಕ್ಕಿ ತಿಕ್ಕಿ ಮುಗಿದ ಮೇಲೂ ತಿಕ್ಕುತ್ತಲೇ ಇದ್ದಳು. ಅಷ್ಟು ವರ್ಷ ಗಂಡ ಹೆಂಡತಿ ಇಬ್ಬರೂ ಊರವರ ಎತ್ತಿಗೆ ಸೋಮವಾರ ಮೈ ತೊಳೆದಿದ್ದರು, ತಮ್ಮದೆನ್ನುವ ಎತ್ತಿಗೆ ಇದೇ ಮೊದಲನೆಯ ಸೋಮವಾರ.

ನಮ್ಮವರು ಬೆಳ್ಯಾನ ಮೈ ಮೇಲಿನ ಕೈ ಹಾಗೆಯೇ ಬಿಟ್ಟು ಅವಳನ್ನು ನೋಡುತ್ತ ನಿಂತರು. ಆಮೇಲೆ ನೀರಲ್ಲೇ ನಡೆದು ಹೋಗಿ ಅವಳ ಎತ್ತಿನ ಹಲ್ಲು ನೋಡಿದರು, ಹೆಗಲು ಮುಟ್ಟಿದರು. "ಚಲೋ ಅದಾವ ತಂಗಿ," ಅಂದರು.

"ಇವತ್ತು ಏನೂ ಕೆಲಸಿಲ್ಲಣ್ಣಾ ಇವಕ್ಕ," ಅಂದಳು ಕೆಂಚವ್ವ. "ಸುಮ್ಮನ ನಿಲ್ತಾವ."

ನಮ್ಮವರು ದಂಡೆಗೆ ಬಂದರು. ಎಷ್ಟೋ ದಿನಗಳ ಮೇಲೆ, ನಡುವೆ ಯಾವ ಎತ್ತನ್ನೂ ಕರೆಯದೆ, ನನ್ನ ಮುಖ ನೋಡಿ ಹೇಳಿದರು:

"ನೀ ಮನಿಗೆ ಹೋಗಿ ಚಹಾ ಇಡು. ಕೆಂಚವ್ವನ್ನ ಕರಕೊಂಡು ಬರ್ತೇನಿ. ಇವತ್ತು ಆಕಿಗೂ ಸೋಮವಾರ ಐತಿ."